ಅಮ್ಮನ ಸೊಂಟಕ್ಕೆ ಮೂವರು ಡಾಕ್ಟರು, ಮೂರು ಮಾತು: ಸ್ಪೈನ್ ಸರ್ಜನ್ ಆರಿಸುವುದು ಹೇಗೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಸೊಂಟ ನೋವು ಹಳೆಯದು, ಅದನ್ನು ಹೇಗೋ ತಡೆದುಕೊಂಡಿದ್ದರು. ಈಗಿನ ತೊಂದರೆ ಬೇರೆ. ಸ್ವಲ್ಪ ದೂರ ನಡೆದರೆ ಸಾಕು, ಎರಡೂ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ. ಕೂತರೆ ತಾನಾಗಿಯೇ ಸರಿಹೋಗುತ್ತದೆ. ಗಾಂಧಿ ಬಜಾರಿಗೆ ಹೋದರೆ ಸಿಕ್ಕ ಅಂಗಡಿಯಲ್ಲೆಲ್ಲ ಸ್ಟೂಲ್ ಕೇಳುತ್ತಾರೆ.

ಎಂಆರ್‌ಐ ಮಾಡಿಸಿದೆವು. ಎಲ್‌4-ಎಲ್‌5ನಲ್ಲಿ (ಸೊಂಟದ ನಾಲ್ಕನೇ, ಐದನೇ ಮೂಳೆ ಸೇರುವ ಕಡೆ) ಮೂಳೆ ಸ್ವಲ್ಪ ಮುಂದಕ್ಕೆ ಜರುಗಿದೆ, ನರ ಹೋಗುವ ಜಾಗ ಕಿರಿದಾಗಿದೆ ಅಂತ ಬಂತು. ಆಮೇಲೆ ಶುರುವಾಯಿತು ಗೊಂದಲ.

ಊರಿನ ಆರ್ಥೋ ಡಾಕ್ಟರು ಹೇಳಿದ್ದು: ಬೆನ್ನಿಗೆ ಒಂದು ಇಂಜೆಕ್ಷನ್, ಫಿಸಿಯೋಥೆರಪಿ, ಆಮೇಲೆ ನೋಡೋಣ. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಸ್ಪೈನ್ ಸರ್ಜನ್ ಹೇಳಿದ್ದು: ಸ್ಕ್ರೂ, ರಾಡ್ ಹಾಕಿ ಎರಡು ಮೂಳೆ ಕೂಡಿಸಬೇಕು, ನಾಲ್ಕು ಲಕ್ಷದ ಮೇಲೆ ಆಗುತ್ತದೆ. ಅಲ್ಲೇ ಬೆಂಗಳೂರಿನಲ್ಲಿ ಇನ್ನೊಬ್ಬರು, ನ್ಯೂರೋಸರ್ಜನ್, ಹೇಳಿದ್ದು: ಸ್ಕ್ರೂ ಬೇಡ, ನರದ ಜಾಗ ಅಗಲ ಮಾಡಿದರೆ ಸಾಕು.

ಮೂವರೂ ಓದಿದವರೇ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು? ಒಳ್ಳೆಯ ಸರ್ಜನ್ ಹೆಸರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ನಿರ್ವಾಹಕ

ಡಾಕ್ಟರ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ. ಹೊಗಳುವುದಕ್ಕೂ ಬೇಡ, ಬೈಯುವುದಕ್ಕೂ ಬೇಡ. ಹೇಗೆ ಆರಿಸಬೇಕು ಅನ್ನುವುದನ್ನು ಬರೆಯಿರಿ.

ಪಾಟೀಲ ಮಾವ (ಹುಬ್ಬಳ್ಳಿ)

ತಂಗಿ, ನನಗೂ ಸ್ಕ್ರೂ ಹಾಕಿದ್ದಾರೆ. ಈಗ ಆರಾಮ ಇದ್ದೀನಿ. ದಿನಾ ಬೆಳಿಗ್ಗೆ ಉಣಕಲ್ ಕೆರೆ ಸುತ್ತ ವಾಕಿಂಗ್. ನನ್ನ ಮಾತು ಕೇಳು, ರೋಬೋಟ್ ಇರುವ ದೊಡ್ಡ ಆಸ್ಪತ್ರೆಗೆ ಹೋಗು. ರೊಕ್ಕ ಇವತ್ತು ಹೋಗುತ್ತದೆ, ನಾಳೆ ಬರುತ್ತದೆ. ಬೆನ್ನು ಮತ್ತೆ ಬರುವುದಿಲ್ಲ.

ಮೂಳೆಮಾತು

ನಾನು ಆರ್ಥೋ ಡಾಕ್ಟರ್. ಆದರೆ ಸ್ಪೈನ್ ಮಾಡುವುದಿಲ್ಲ, ಮಂಡಿ ಮತ್ತು ಮುರಿತ ನನ್ನ ಕೆಲಸ. ಹಾಗಾಗಿ ಈ ಚರ್ಚೆಯಿಂದ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ತುಂಗಾತೀರ ಅವರೇ, ಯಾರೂ ಸುಳ್ಳು ಹೇಳುತ್ತಿಲ್ಲದೇ ಇರಬಹುದು. ನೀವು ಬರೆದದ್ದನ್ನು ನೋಡಿದರೆ ವಯಸ್ಸಿನ ಸವೆತದಿಂದ ಬರುವ ಲಿಸ್ಥೆಸಿಸ್ (ಮೂಳೆ ಜರುಗುವುದು), ಜೊತೆಗೆ ಸ್ಟೆನೋಸಿಸ್ (ನರದ ಜಾಗ ಕಿರಿದಾಗುವುದು) ಇದ್ದ ಹಾಗಿದೆ. 50 ದಾಟಿದ ಹೆಂಗಸರಲ್ಲಿ, ಅದರಲ್ಲೂ ಎಲ್‌4-ಎಲ್‌5ನಲ್ಲೇ ಇದು ಜಾಸ್ತಿ. ಸ್ಕ್ರೂ ಹಾಕಬೇಕೋ ಬೇಡವೋ ಅನ್ನುವುದು ಪ್ರಪಂಚದಾದ್ಯಂತ ಸ್ಪೈನ್ ಸರ್ಜನ್‌ಗಳು ಇವತ್ತಿಗೂ ಜಗಳ ಆಡುವ ವಿಷಯ.

2016ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದರ ಬಗ್ಗೆ ಎರಡು ಅಧ್ಯಯನ ಬಂದವು. ಸ್ವೀಡನ್ನಿನವರು 247 ಜನರನ್ನು ನೋಡಿ, ನರದ ಜಾಗ ಅಗಲ ಮಾಡುವುದರ ಜೊತೆ ಮೂಳೆ ಕೂಡಿಸಿದರೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ ಅಂದರು. ಅಮೆರಿಕದವರು 66 ಜನರನ್ನು ನೋಡಿ, ಕೂಡಿಸಿದವರಿಗೆ ಸ್ವಲ್ಪ ಹೆಚ್ಚು ಒಳ್ಳೆಯದಾಯಿತು, ಮತ್ತೆ ಆಪರೇಷನ್ ಮಾಡಿಸುವುದೂ ಕಡಿಮೆಯಾಯಿತು ಅಂದರು. 2021ರಲ್ಲಿ ನಾರ್ವೆಯಿಂದ 267 ಜನರ ಇನ್ನೊಂದು ಬಂತು. ಅಗಲ ಮಾಡುವುದಷ್ಟೇ ಮಾಡಿದರೂ ಫಲ ಕಡಿಮೆಯಿಲ್ಲ ಅಂತ ಅದರ ತೀರ್ಮಾನ. ಹೀಗಿರುವಾಗ ನಿಮ್ಮ ಮೂವರು ಮೂರು ಮಾತು ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ.

ನೀವು ಕೇಳಬೇಕಾದ್ದು ಒಂದೇ: "ನಮ್ಮ ಅಮ್ಮನಿಗೇ ಇದು ಯಾಕೆ?" ಅದಕ್ಕೆ ಅಮ್ಮನ ಕಾಲು, ಅಮ್ಮನ ಎಕ್ಸ್‌ರೇ, ಅಮ್ಮನ ನಡಿಗೆ ತೋರಿಸಿ ಉತ್ತರ ಕೊಡುವವರು ನಂಬಿಕೆಗೆ ಅರ್ಹರು. "ಇಂಥ ಕೇಸಿಗೆಲ್ಲ ಇದೇ ಮಾಡುತ್ತೇವೆ" ಅಂದರೆ ಇನ್ನೊಬ್ಬರ ಹತ್ತಿರ ಹೋಗಿ.

ಒಂದು ಪ್ರಶ್ನೆ. ನಿಂತುಕೊಂಡು, ಮುಂದೆ ಬಗ್ಗಿ, ಹಿಂದೆ ಬಾಗಿ ಎಕ್ಸ್‌ರೇ ತೆಗೆಸಿದ್ದೀರಾ?

ತುಂಗಾತೀರ (ಶಿವಮೊಗ್ಗ)

ಇಲ್ಲ ಸರ್. ಎಂಆರ್‌ಐ ಇದೆಯಲ್ಲ, ಎಕ್ಸ್‌ರೇ ಯಾಕೆ ಅಂದುಕೊಂಡೆವು. ಯಾರೂ ಬರೆದೂ ಕೊಡಲಿಲ್ಲ. ಸ್ಕ್ರೂ ಹೇಳಿದ ಡಾಕ್ಟರು ಅಮ್ಮನನ್ನು ಮಲಗಿಸಿ ನೋಡಲೂ ಇಲ್ಲ. ಕಂಪ್ಯೂಟರಿನಲ್ಲಿ ಸ್ಕ್ಯಾನ್ ನೋಡಿದರು, ಎಸ್ಟಿಮೇಟ್ ಕೌಂಟರಿಗೆ ಕಳಿಸಿದರು.

ಮೂಳೆಮಾತು

ಎಂಆರ್‌ಐ ತೆಗೆಯುವುದು ಮಲಗಿಸಿ. ಮಲಗಿದಾಗ ಜರುಗಿದ ಮೂಳೆ ಎಷ್ಟೋ ಸಲ ತನ್ನ ಜಾಗಕ್ಕೆ ವಾಪಸ್ ಕೂರುತ್ತದೆ. ನಿಂತಾಗ, ಬಗ್ಗಿದಾಗ ಅದು ಎಷ್ಟು ಅಲುಗಾಡುತ್ತದೆ ಅನ್ನುವುದು ಎಕ್ಸ್‌ರೇಯಲ್ಲೇ ಗೊತ್ತಾಗುವುದು. ತುಂಬಾ ಅಲುಗಾಡಿದರೆ ಸ್ಕ್ರೂ ಪರವಾದ ವಾದಕ್ಕೆ ಬಲ ಬರುತ್ತದೆ. ಅಲುಗಾಡದಿದ್ದರೆ ಬರೀ ಕಾಲುವೆಯ ಹೂಳು ತೆಗೆದ ಹಾಗೆ ನರದ ದಾರಿ ಬಿಡಿಸಿದರೆ ಸಾಕಾಗಬಹುದು. ಕೆಲವೇ ನೂರು ರೂಪಾಯಿಯ ಎಕ್ಸ್‌ರೇ ಇಲ್ಲದೆ ಲಕ್ಷಗಟ್ಟಲೆಯ ಸ್ಕ್ರೂ ನಿರ್ಧಾರ ಆಗಿದ್ದರೆ, ಆ ಡಾಕ್ಟರಿಗೆ ಅದನ್ನೇ ಕೇಳಿ. ಮರ್ಯಾದೆಯಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೆ ಅದೂ ಒಂದು ಉತ್ತರವೇ.

ಪಾಟೀಲರೇ, ನೀವು ಆರಾಮ ಇರುವುದು ಸಂತೋಷ. ಆದರೆ ರೋಬೋಟ್ ಸ್ಕ್ರೂವನ್ನು ಸರಿಯಾದ ಜಾಗದಲ್ಲಿ ಕೂರಿಸಲು ನೆರವಾಗುತ್ತದೆ, ಅಷ್ಟೇ. ಸ್ಕ್ರೂ ಬೇಕೋ ಬೇಡವೋ ಅಂತ ಅದು ಹೇಳುವುದಿಲ್ಲ.

ಪಾಟೀಲ ಮಾವ (ಹುಬ್ಬಳ್ಳಿ)

ಅದು ಖರೆ ಬಿಡ್ರಿ. ನನಗೆ ಬಗ್ಗಿಸಿ ಎಕ್ಸ್‌ರೇ ತೆಗೆದಿದ್ದರು. ಈಗ ನೆನಪಾಯಿತು.

ಚಾಮುಂಡಿ ಮೆಟ್ಟಿಲು (ಮೈಸೂರು)

ನಾನು ಫಿಸಿಯೋ. ಅಮ್ಮ ಬಗ್ಗಿಕೊಂಡು, ಏನಾದರೂ ಆಸರೆ ಹಿಡಿದು ನಡೆದರೆ ಜಾಸ್ತಿ ದೂರ ಹೋಗುತ್ತಾರಾ? ತರಕಾರಿ ಗಾಡಿ ತಳ್ಳುವ ಭಂಗಿಯಲ್ಲಿ? ಹೌದು ಅಂದರೆ ನರದ ಜಾಗ ಕಿರಿದಾಗಿರುವುದೇ ಕಾರಣ ಇರಬಹುದು. ಬಗ್ಗಿದಾಗ ಆ ಜಾಗ ಸ್ವಲ್ಪ ತೆರೆದುಕೊಳ್ಳುತ್ತದೆ. ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೂ ನಡೆದಾಗ ಹೀಗೇ ಆಗುತ್ತದೆ, ಆದರೆ ಅವರಿಗೆ ಸುಮ್ನೆ ನಿಂತರೂ ಸಾಕು, ಕೂರಬೇಕು ಬಗ್ಗಬೇಕು ಅಂತಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಬೀಡಿ ಸೇದುವವರಲ್ಲಿ ಇದನ್ನು ಮರೆಯಬಾರದು. ಪಾದದ ನಾಡಿ ಮುಟ್ಟಿ ನೋಡದೆ ಬೆನ್ನಿಗೆ ಆಪರೇಷನ್ ಹೇಳಬಾರದು ಅನ್ನುವುದು ನನ್ನ ಮಟ್ಟಿಗೆ ಕನಿಷ್ಠ ಅಪೇಕ್ಷೆ.

ಹಾಗೇ ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್" (ಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು) ಅಂತ ನಾಲ್ಕು ಕಡೆ ಬರೆದಿದ್ದರೆ ಹೆದರಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ 2015ರಲ್ಲಿ ಒಂದು ವಿಮರ್ಶೆ ಬಂದಿತ್ತು. 60ರ ವಯಸ್ಸಿನವರಲ್ಲಿ ಸುಮಾರು ಶೇ. 69 ಜನಕ್ಕೆ ಬಲ್ಜ್ ಇತ್ತು. ಆರಾಮಾಗಿ ಓಡಾಡುವವರು ಇವರು! ಸ್ಕ್ಯಾನಿಗೆ ಆಪರೇಷನ್ ಮಾಡುವ ಡಾಕ್ಟರು ಬೇಡ. ಕಾಲಿನ ತೊಂದರೆಯೂ ಸ್ಕ್ಯಾನಿನಲ್ಲಿ ಕಂಡದ್ದೂ ತಾಳೆ ಆಗುತ್ತದಾ ಅಂತ ನೋಡುವವರು ಬೇಕು. ಕಾಲಿನ ಹೆಬ್ಬೆರಳು ಮೇಲೆತ್ತಿ ಅನ್ನಬೇಕು, ಹಿಮ್ಮಡಿ ಮೇಲೆ ನಡೆಸಬೇಕು, ತುದಿಗಾಲಲ್ಲಿ ನಿಲ್ಲಿಸಬೇಕು. ಇದಕ್ಕೆ ಹತ್ತು ನಿಮಿಷ ಕೂಡ ಬೇಡ.

ಇನ್ನೊಂದು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡು ಬಂದವರೊಬ್ಬರು ಹೋದ ತಿಂಗಳು ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಮಾಮೂಲಿ ಉಳುಕು ಹೇಗಿದ್ದರೂ ತಾನಾಗಿ ವಾಸಿಯಾಗುತ್ತದೆ, ಪುಣ್ಯ ಒದ್ದವರಿಗೆ ಹೋಗುತ್ತದೆ. ನರ ಒತ್ತಿರುವ ಬೆನ್ನಿಗೆ ಮಾತ್ರ ಈ ಆಟ ಬೇಡ.

ರಾಗಿಮುದ್ದೆ (ತುಮಕೂರು)

ಎಲ್ಲಾ ಸರಿ. ಆದರೆ ಬೆನ್ನಿನ ಆಪರೇಷನ್ ಮಾಡಿಸಿದವರು ಯಾರು ಉದ್ಧಾರ ಆಗಿದ್ದಾರೆ? ನಮ್ಮ ಬೀದಿಯಲ್ಲಿ ಒಬ್ಬರು ಮಲಗಿದವರು ಏಳಲೇ ಇಲ್ಲ. ಟಾರ್ಗೆಟ್ ಇರುತ್ತದೆ ಸ್ವಾಮಿ ಈ ಆಸ್ಪತ್ರೆಗಳಿಗೆ. ನಾನಾಗಿದ್ದರೆ ಕತ್ತಿ ಮುಟ್ಟಿಸುತ್ತಿರಲಿಲ್ಲ.

ಕಾಫಿತೋಟ (ಚಿಕ್ಕಮಗಳೂರು)

ರಾಗಿಮುದ್ದೆ ಅವರೇ, ಈ ಮಾತು ಕೇಳಿಯೇ ನಮ್ಮ ತಂದೆ ಕಾದರು. ಅವರದು ಸೊಂಟ ಅಲ್ಲ, ಕುತ್ತಿಗೆ. ನೋವು ಅಷ್ಟಾಗಿ ಇರಲಿಲ್ಲ. ಅಂಗಿ ಗುಂಡಿ ಹಾಕಲು ಆಗುತ್ತಿರಲಿಲ್ಲ, ಸಹಿ ಸೊಟ್ಟಗಾಯಿತು, ನಡೆದರೆ ತೂರಾಡುತ್ತಿದ್ದರು. ಊರವರು ಕುಡಿತ ಅಂದರು, ಡಾಕ್ಟರೊಬ್ಬರು ವಯಸ್ಸು ಅಂದರು. ಕೊನೆಗೆ ನೋಡಿದರೆ ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿಹೋಗಿತ್ತು. ಆಪರೇಷನ್ ಆಯಿತು, ಅಲ್ಲಿಗೆ ನಿಂತಿತು. ಆದರೆ ಅದುವರೆಗೆ ಹೋದ ಬೆರಳಿನ ಹಿಡಿತ ಪೂರ್ತಿ ವಾಪಸ್ ಬರಲಿಲ್ಲ. ಬೇಗ ಮಾಡಿಸಿದ್ದರೆ ಬರುತ್ತಿತ್ತು ಅಂತ ಸರ್ಜನ್ ಹೇಳಿದರು. ಬೆನ್ನಿನ ಆಪರೇಷನ್ ಎಲ್ಲಾ ಒಂದೇ ಅಲ್ಲ.

ಮೂಳೆಮಾತು

ಕಾಫಿತೋಟ ಅವರ ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ನಾಲ್ಕು ಕಡೆ ವಿಚಾರಿಸಿ ನಿಧಾನವಾಗಿ ಸರ್ಜನ್ ಆರಿಸುವುದು ಎಲ್ಲರಿಗೂ ಅಲ್ಲ. ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕೂರುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ ಅದೇ ದಿನ, ಅದೇ ರಾತ್ರಿ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಡ್ಯೂಟಿಯಲ್ಲಿರುವ ಸರ್ಜನ್ನೇ ನಿಮ್ಮ ಸರ್ಜನ್. ಪಾದ ಎತ್ತಲು ಆಗದೆ ಚಪ್ಪಲಿ ಜಾರಿಹೋಗುವುದು ಶುರುವಾದರೂ ವಾರಗಟ್ಟಲೆ ಕಾಯಬೇಡಿ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಇದೆ, ಬೆನ್ನುಮೂಳೆಯ ಕ್ಷಯ. ಬೆನ್ನು ನೋವಿನ ಜೊತೆ ಸಂಜೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು ಇದ್ದರೆ ಡಾಕ್ಟರಿಗೆ ಹೇಳಿ. ಅದಕ್ಕೆ ಮುಖ್ಯ ಚಿಕಿತ್ಸೆ ಟಿಬಿ ಮಾತ್ರೆ. ನರ ಒತ್ತಿದ್ದರೆ ಅಥವಾ ಮೂಳೆ ಕುಸಿದಿದ್ದರೆ ಆಪರೇಷನ್.

ಬಸವನಗುಡಿ ಬೆಂಚ್

ಆರ್ಥೋ ಒಳ್ಳೆಯವರಾ, ನ್ಯೂರೋ ಒಳ್ಳೆಯವರಾ? ಇದನ್ನು ಯಾರಾದರೂ ಬಗೆಹರಿಸಿ. ನಮ್ಮ ಮನೆಯಲ್ಲಿ ಇದೇ ಜಗಳ. "ನರದ ವಿಷಯ, ನ್ಯೂರೋ ಹತ್ತಿರ ಹೋಗು" ಅಂತ ಮಾವನವರು.

ಮೂಳೆಮಾತು

ಇಬ್ಬರೂ ಮಾಡುತ್ತಾರೆ. ಎಂಎಸ್ ಆರ್ಥೋ ಅಥವಾ ಡಿಎನ್‌ಬಿ ಮುಗಿಸಿ, ಆಮೇಲೆ ಸ್ಪೈನ್‌ನಲ್ಲೇ ಫೆಲೋಶಿಪ್ ಮಾಡಿದವರು ಒಂದು ದಾರಿ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎಫ್‌ಎನ್‌ಬಿ ಸ್ಪೈನ್ ಸರ್ಜರಿ ಅಂಥದ್ದೊಂದು. ನ್ಯೂರೋಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಮಾಡಿದವರು ಇನ್ನೊಂದು ದಾರಿ. ಬೆನ್ನುಹುರಿಯ ಪೊರೆಯೊಳಗಿನ ಗಡ್ಡೆ ಇದ್ದರೆ ನ್ಯೂರೋ. ಮಕ್ಕಳ ಬೆನ್ನು ಸೊಟ್ಟಗಾಗುವ ಸ್ಕೋಲಿಯೋಸಿಸ್ ಇದ್ದರೆ ಹೆಚ್ಚಾಗಿ ಆರ್ಥೋ ಸ್ಪೈನ್. ಡಿಸ್ಕ್, ಸ್ಟೆನೋಸಿಸ್‌ಗೆ ಇಬ್ಬರಲ್ಲಿ ಯಾರಾದರೂ ಸರಿ. ಆ ವ್ಯಕ್ತಿಯ ಕೆಲಸದಲ್ಲಿ ಹೆಚ್ಚಿನ ಪಾಲು ಬೆನ್ನಿನದ್ದೇ ಇರಬೇಕು, ಅದು ಮುಖ್ಯ. ಸೋಮವಾರ ಮಂಡಿ, ಮಂಗಳವಾರ ಮುರಿತ, ಬುಧವಾರ ಬೆನ್ನು ಮಾಡುವವರ ಹತ್ತಿರ ಸ್ಕ್ರೂ ಹಾಕಿಸಿಕೊಳ್ಳಬೇಡಿ!

ಬೋರ್ಡಿನ ಮೇಲೆ "ಸ್ಪೈನ್ ಸ್ಪೆಷಲಿಸ್ಟ್" ಅಂತ ಯಾರು ಬೇಕಾದರೂ ಬರೆಸಬಹುದು. ನೋಂದಣಿ ನಂಬರ್ ಕೇಳಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು, ಡಿಗ್ರಿ ಇದೆಯಾ ನೋಡಿ.

ಸ್ಕ್ರಬ್ ಸಿಸ್ಟರ್

ಹದಿನೆಂಟು ವರ್ಷದಿಂದ ಓಟಿಯಲ್ಲಿ (ಆಪರೇಷನ್ ಥಿಯೇಟರ್) ನರ್ಸ್ ಆಗಿದ್ದೀನಿ, ಊರು ಹೇಳುವುದಿಲ್ಲ. ನಾವು ಒಳಗಿನಿಂದ ನೋಡುವುದು ಬೇರೆ. ನಮ್ಮ ಮನೆಯವರಿಗೇ ಬೆನ್ನು ಆಪರೇಷನ್ ಬೇಕಾದರೆ ನಾನು ಏನು ವಿಚಾರಿಸುತ್ತೇನೆ ಅಂತ ಹೇಳುತ್ತೇನೆ.

ಆಪರೇಷನ್ ಪೂರ್ತಿ ಅವರೇ ಮಾಡುತ್ತಾರಾ, ಅಥವಾ ಹೆಸರು ಅವರದು, ಕೈ ಇನ್ನೊಬ್ಬರದಾ? ಅವರು ಬೇರೆ ಊರಿನಿಂದ ಬಂದು ಹೋಗುವ ವಿಸಿಟಿಂಗ್ ಸರ್ಜನ್ ಆಗಿದ್ದರೆ, ರಾತ್ರಿ ಎರಡು ಗಂಟೆಗೆ ಕಾಲು ಆಡಿಸಲು ಆಗುತ್ತಿಲ್ಲ ಅಂತ ನರ್ಸ್ ಫೋನ್ ಮಾಡಿದರೆ ಬರುವವರು ಯಾರು? ಇದು ಬಹಳ ಮುಖ್ಯ. ಬೆನ್ನಿನ ಆಪರೇಷನ್ ಆದ ಮೇಲೆ ಒಳಗೆ ರಕ್ತ ಕಟ್ಟಿ ನರ ಒತ್ತುವುದು ಅಪರೂಪ, ಆದರೆ ಆದಾಗ ಗಂಟೆಗಳ ಲೆಕ್ಕ. ಅಲ್ಲಿ ರಾತ್ರಿಯೂ ಎಂಆರ್‌ಐ ಇರಬೇಕು, ಅನಸ್ತೇಷಿಯಾ ಇರಬೇಕು, ಐಸಿಯು ಇರಬೇಕು.

ತೊಂದರೆ ಆದರೆ ಏನು ಅಂತ ಕೇಳಿದಾಗ ಮುಖ ನೋಡಿ. ನರದ ಸುತ್ತಲಿನ ಪೊರೆ ಹರಿಯಬಹುದು, ಸೋಂಕು ಆಗಬಹುದು, ಸ್ಕ್ರೂ ಸಡಿಲ ಆಗಬಹುದು ಅಂತ ಸಮಾಧಾನದಿಂದ ಹೇಳುವವರು ನನಗೆ ಇಷ್ಟ. "ನೂರಕ್ಕೆ ನೂರು ಸಕ್ಸಸ್" ಅನ್ನುವವರ ಹತ್ತಿರ ನಾನು ಹೋಗುವುದಿಲ್ಲ.

ಸ್ಕ್ರೂ ಹಾಕುವುದೇ ಆದರೆ ಕಂಪನಿ ಯಾವುದು, ಎಷ್ಟು ಸ್ಕ್ರೂ, ಒಂದಕ್ಕೆ ಎಷ್ಟು ಅಂತ ಮುಂಚೆಯೇ ಬರೆಸಿಕೊಳ್ಳಿ. ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟ್ ಸ್ಟಿಕ್ಕರ್ ಫೈಲಿನಲ್ಲಿ ಇರಲಿ. ಮುಂದೆ ಎಲ್ಲಾದರೂ ಎಂಆರ್‌ಐ ಮಾಡಿಸುವಾಗ, ಸ್ಕ್ರೂ ತೆಗೆಯಬೇಕಾಗಿ ಬಂದಾಗ ಅದೇ ಬೇಕಾಗುತ್ತದೆ.

ಕ್ಲೇಮ್ ಕೌಂಟರ್ (ಬೆಂಗಳೂರು)

ಇನ್ಶೂರೆನ್ಸ್ ಡೆಸ್ಕಿನವನು ನಾನು. ಪಾಲಿಸಿ ತೆಗೆದು ಎಷ್ಟು ದಿನ ಆಯಿತು ನೋಡಿ ಮೇಡಂ. ಡಿಸ್ಕ್, ಬೆನ್ನುಮೂಳೆ ಸವೆತದ ಕಾಯಿಲೆಗಳಿಗೆ ಬಹಳಷ್ಟು ಪಾಲಿಸಿಗಳಲ್ಲಿ 24 ತಿಂಗಳ ಕಾಯುವಿಕೆ ಇರುತ್ತದೆ, ಅಲ್ಲಿಯವರೆಗೆ ಕ್ಲೇಮ್ ಸಿಗುವುದಿಲ್ಲ. ಆಪರೇಷನ್ ಡೇಟ್ ಕೊಟ್ಟ ಮೇಲೆ ಇದು ಗೊತ್ತಾಗಿ ಕಣ್ಣೀರು ಹಾಕಿದವರನ್ನು ನೋಡಿದ್ದೀನಿ.

ರೂಮ್ ಬಾಡಿಗೆಗೆ ಮಿತಿ ಇದ್ದು ನೀವು ದುಬಾರಿ ರೂಮ್ ತೆಗೆದುಕೊಂಡರೆ, ಸರ್ಜನ್ ಫೀಸು, ಓಟಿ ಚಾರ್ಜು ಎಲ್ಲಕ್ಕೂ ಅದೇ ಅನುಪಾತದಲ್ಲಿ ಕಡಿತ ಬೀಳಬಹುದು. ಔಷಧಿ, ಇಂಪ್ಲಾಂಟಿಗೆ ಆ ಕಡಿತ ಮಾಡುವ ಹಾಗಿಲ್ಲ. ಬಿಲ್ ನೋಡುವಾಗ ಇದನ್ನು ಗಮನಿಸಿ.

ಕೆಂಪುಕೋಟೆ (ಚಿತ್ರದುರ್ಗ)

ಇನ್ಶೂರೆನ್ಸ್ ಇಲ್ಲದವರ ಮಾತು ಯಾರೂ ಆಡಲಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಬರೆದುಕೊಡುತ್ತಾರೆ. ನೇರ ಖಾಸಗಿ ಆಸ್ಪತ್ರೆಗೆ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ.

ಬೆಂಗಳೂರಿನಲ್ಲಿ ಸರ್ಕಾರಿ ಜಾಗಗಳು ಅಂದರೆ ಮೂಳೆಗೆ ಸಂಜಯ್ ಗಾಂಧಿ ಆಸ್ಪತ್ರೆ, ನರಕ್ಕೆ ನಿಮ್ಹಾನ್ಸ್. ಎರಡೂ ಜಯನಗರದ ಆ ಕಡೆ ಹತ್ತಿರದಲ್ಲೇ ಇವೆ. ಕಾಯಬೇಕು, ನೂಕುನುಗ್ಗಲು ಇರುತ್ತದೆ, ಅದು ನಿಜ. ಆದರೆ ಆಪರೇಷನ್ ಬೇಡ ಅಂತ ಹೇಳಲು ಅಲ್ಲಿನ ಡಾಕ್ಟರಿಗೆ ಯಾವ ನಷ್ಟವೂ ಇಲ್ಲ. ಹಾಗಾಗಿ ಎರಡನೇ ಅಭಿಪ್ರಾಯಕ್ಕಾದರೂ ಒಮ್ಮೆ ಹೋಗಿ ಬನ್ನಿ ಅನ್ನುತ್ತೇನೆ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದ. ಸ್ವಲ್ಪ ದಿನ ಬರೆಯಲು ಆಗಲಿಲ್ಲ. ಈಗ ಏನಾಯಿತು ಅಂತ ಹೇಳುತ್ತೇನೆ.

ಬಗ್ಗಿಸಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಜರುಗಿದ್ದು ಹೌದು, ಆದರೆ ಬಗ್ಗಿದಾಗಲೂ ಬಾಗಿದಾಗಲೂ ಹೆಚ್ಚು ಅಲುಗಾಡುತ್ತಿಲ್ಲ. ಅದನ್ನು ಹಿಡಿದುಕೊಂಡು ಬೆಂಗಳೂರಿನ ಇಬ್ಬರ ಹತ್ತಿರವೂ ಮತ್ತೆ ಹೋದೆವು. ಸ್ಕ್ರೂ ಹೇಳಿದವರು ಈ ಸಲ ಅಮ್ಮನನ್ನು ಮಲಗಿಸಿ ನೋಡಿದರು. ಒಳ್ಳೆಯ ರೀತಿಯಲ್ಲೇ ಮಾತಾಡಿದರು. ನರ ಬಿಡಿಸಲು ಹಿಂದಿನ ಕೀಲಿನ ಭಾಗ ಜಾಸ್ತಿ ತೆಗೆಯಬೇಕಾಗುತ್ತದೆ, ಆಗ ಮೂಳೆ ಸಡಿಲ ಆಗಬಹುದು, ಅದಕ್ಕೇ ಸ್ಕ್ರೂ ಅಂದರು. ನ್ಯೂರೋಸರ್ಜನ್ ಹೇಳಿದ್ದು, ಕೀಲು ಉಳಿಸಿಕೊಂಡೇ ಮಾಡುತ್ತೇನೆ, ಆದರೆ ಮುಂದೆ ಎಂದಾದರೂ ಮೂಳೆ ಇನ್ನೂ ಜರುಗಿದರೆ ಸ್ಕ್ರೂ ಹಾಕಬೇಕಾಗಬಹುದು, ಅದನ್ನು ಒಪ್ಪಿಕೊಂಡೇ ಬನ್ನಿ ಅಂತ.

ಆಮೇಲೆ ನ್ಯೂರೋಸರ್ಜನ್ ಅಮ್ಮನನ್ನೇ ಕೇಳಿದರು: "ನಿಮಗೆ ಏನು ಸರಿಹೋಗಬೇಕು ತಾಯಿ?" ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ, ನಾವೂ ಸೇರಿ. ಅಮ್ಮ ಅಂದರು, "ಸೊಂಟ ನೋವು ಇರಲಿ ಬಿಡಿ, ನಡೆಯುವ ಹಾಗೆ ಆಗಬೇಕು." ಈ ಆಪರೇಷನ್ ಕಾಲಿನ ತೊಂದರೆಗೆ, ಸೊಂಟ ನೋವು ಪೂರ್ತಿ ಹೋಗುತ್ತದೆ ಅಂತ ಮಾತು ಕೊಡುವುದಿಲ್ಲ ಅಂತ ಅವರೂ ಸ್ಪಷ್ಟವಾಗಿ ಹೇಳಿದರು.

ಕಾಲಿನಲ್ಲಿ ಶಕ್ತಿ ಚೆನ್ನಾಗಿದೆ, ಆತುರ ಇಲ್ಲ ಅಂತ ಇಬ್ಬರೂ ಒಪ್ಪಿದರು. ಹಾಗಾಗಿ ಮೊದಲು ಊರಿನ ಡಾಕ್ಟರು ಹೇಳಿದ ಇಂಜೆಕ್ಷನ್, ಫಿಸಿಯೋ ಮಾಡಿ ನೋಡುತ್ತೇವೆ. ದೀಪಾವಳಿ ಕಳೆದ ಮೇಲೂ ಹೀಗೇ ಇದ್ದರೆ ನ್ಯೂರೋಸರ್ಜನ್ ಹತ್ತಿರ ಆಪರೇಷನ್. ಅಣ್ಣನಿಗೆ ಈಗಲೂ ದೊಡ್ಡ ಆಸ್ಪತ್ರೆಯೇ ಆಗಬೇಕು ಅಂತ ಇದೆ. ಅದು ಬೇರೆ ಕಥೆ.

ಒಂದು ಕಡೆ ಮಾತ್ರ ಕಿರಿಕಿರಿ ಆಯಿತು. ಹಳೆಯ ಎಂಆರ್‌ಐ ಸಿಡಿ ಕೊಡಲು ಒಂದು ಸ್ಕ್ಯಾನ್ ಸೆಂಟರಿನವರು ಸತಾಯಿಸಿದರು. ಇದಕ್ಕೆ ಏನಾದರೂ ನಿಯಮ ಇದೆಯಾ?

ಕ್ಲೇಮ್ ಕೌಂಟರ್ (ಬೆಂಗಳೂರು)

ದಾಖಲೆ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನಡವಳಿಕೆ ನಿಯಮದಲ್ಲೇ ಇದೆ. ಬಾಯಲ್ಲಿ ಕೇಳಬೇಡಿ, ಒಂದು ಚೀಟಿಯಲ್ಲಿ ಬರೆದು ಸೀಲ್ ಹಾಕಿಸಿಕೊಳ್ಳಿ. ಸೀಲ್ ಕೇಳಿದ ತಕ್ಷಣ ಅರ್ಧ ಜನ ಸಿಡಿ ಕೊಟ್ಟುಬಿಡುತ್ತಾರೆ. ರಿಪೋರ್ಟ್ ಒಂದೇ ಸಾಲದು, ಸರ್ಜನ್ ಚಿತ್ರವನ್ನೇ ನೋಡಬೇಕು.

ಚಾಮುಂಡಿ ಮೆಟ್ಟಿಲು (ಮೈಸೂರು)

ಅಮ್ಮನಿಗೆ ಶುಗರ್ ಇದೆಯಾ? ಇದ್ದರೆ ಇಂಜೆಕ್ಷನ್‌ಗೆ ಮುಂಚೆ ಹೇಳಿ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಕೆಲವು ದಿನ ಶುಗರ್ ಏರುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ತಾವಾಗಿಯೇ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಿಯೇ.

ತುಂಗಾತೀರ (ಶಿವಮೊಗ್ಗ)

ಶುಗರ್ ಇದೆ ಅಕ್ಕ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.4. ರಕ್ತ ತೆಳುವಾಗುವ ಮಾತ್ರೆ ಇಲ್ಲ.

ಮೂಳೆಮಾತು

ಹಾಗಾದರೆ ದೀಪಾವಳಿವರೆಗಿನ ಸಮಯದಲ್ಲಿ ಮೊದಲ ಕೆಲಸ ಅದೇ. ಫಿಸಿಷಿಯನ್ ಹತ್ತಿರ ಹೋಗಿ ಶುಗರ್ ಇಳಿಸಿ. ಶುಗರ್ ಜಾಸ್ತಿ ಇದ್ದರೆ ಗಾಯದ ಸೋಂಕಿನ ಅಪಾಯ ಏರುತ್ತದೆ, ಎಷ್ಟೋ ಸರ್ಜನ್‌ಗಳು ಆ ಮಟ್ಟದಲ್ಲಿ ಆಪರೇಷನ್ ಮುಂದಕ್ಕೆ ಹಾಕುತ್ತಾರೆ. ನಿಮ್ಮ ಇಬ್ಬರೂ ಇದನ್ನು ಕೇಳಿದ್ದರಾ?

ತುಂಗಾತೀರ (ಶಿವಮೊಗ್ಗ)

ಒಬ್ಬರು ಕೇಳಿದರು. ನ್ಯೂರೋ ಅವರು. 7.5ರ ಒಳಗೆ ತನ್ನಿ ಅಂತ ಚೀಟಿಯಲ್ಲಿ ಬರೆದಿದ್ದಾರೆ.

ಪಾಟೀಲ ಮಾವ (ಹುಬ್ಬಳ್ಳಿ)

ದೀಪಾವಳಿಗೆ ಹೋಳಿಗೆ ಬಂದ್ ಅಂತ ಅಮ್ಮನಿಗೆ ಈಗಲೇ ಹೇಳಿಬಿಡು ತಂಗಿ.